ಪೋಸ್ಟ್ ಹಾಕೋದು ಸುಲಭ, ಬಂದ ಮಂದಿ ನಿಲ್ಲೋದೆಲ್ಲಿ?

ನಮ್ಮ ಕಾಗವಾಡಕ್ಕೆ ಮಿರಜ್ ಹತ್ತಿರ, ಸಾಂಗ್ಲಿ ಹತ್ತಿರ. ದೂರ ಲೆಕ್ಕ ಹಾಕಿದರೆ ಮುಂಬೈನ ವಾಂಖೆಡೆ ಸ್ಟೇಡಿಯಂ ಕೂಡ ಬೆಂಗಳೂರಿನ ಚಿನ್ನಸ್ವಾಮಿಗಿಂತ ಹತ್ತಿರವೇ. ಬೆಂಗಳೂರು ಅಂದರೆ ಸುಮಾರು 600 ಕಿಲೋಮೀಟರ್. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ ಪೂರ್ತಿ ಕಳೆಯಬೇಕು. ಹಾಗಿದ್ದರೂ ಐಪಿಎಲ್ ಶುರುವಾದರೆ ನಮ್ಮ ಕಡೆ ಚಹಾದಂಗಡಿ ಮುಂದೆ ನಿಂತ ಹತ್ತು ಹುಡುಗರಲ್ಲಿ ಹೆಚ್ಚಿನವರ ಫೋನಿನ ವಾಲ್‌ಪೇಪರ್ ಆರ್‌ಸಿಬಿ. ಒಂದೇ ಮನೆಯಲ್ಲಿ ಅಣ್ಣ ಆರ್‌ಸಿಬಿ, ತಮ್ಮ ಮುಂಬೈ ಇಂಡಿಯನ್ಸ್ ಇರೋದೂ ಉಂಟು. ಅವತ್ತು ಊಟಕ್ಕೆ ಕೂತಾಗ ಅವ್ವ ನಡುವೆ ಕೂರಬೇಕಾಗುತ್ತೆ, ಅದು ಬೇರೆ ಮಾತು.

ಇವರಲ್ಲಿ ಎಷ್ಟೋ ಜನ ಚಿನ್ನಸ್ವಾಮಿಯ ಗೇಟನ್ನೂ ನೋಡಿದವರಲ್ಲ. ಅವರ ಪಾಲಿಗೆ ತಂಡ ಇರೋದೇ ಫೋನಿನಲ್ಲಿ. ಹಾಗಾಗಿ 'ಕ್ರೀಡಾ ತಂಡಗಳು ಸೋಷಿಯಲ್ ಮೀಡಿಯಾವನ್ನು ಹೇಗೆ ಬಳಸಬೇಕು' ಅನ್ನೋದು ಬರೀ ಮಾರ್ಕೆಟಿಂಗ್ ಪ್ರಶ್ನೆ ಅಂತ ನನಗೆ ಅನ್ನಿಸೋದಿಲ್ಲ. ಆರ್‌ಸಿಬಿಯದ್ದೇ ಉದಾಹರಣೆ ತಗೊಳ್ಳೋಣ. ಇಷ್ಟು ಚೆನ್ನಾಗಿ ಅಭಿಮಾನಿಗಳನ್ನು ಕಟ್ಟಿಕೊಂಡ ತಂಡ ಇನ್ನೊಂದಿಲ್ಲ. ಅದೇ ತಂಡದ ಪೋಸ್ಟುಗಳು ಮುಂದೆ ಹೈಕೋರ್ಟಿನ ಕಡತವನ್ನೂ ಸೇರಿದವು.

2008ರಲ್ಲಿ ಐಪಿಎಲ್ ಶುರುವಾಯಿತು. ಆರ್‌ಸಿಬಿ 2009, 2011, 2016ರಲ್ಲಿ ಫೈನಲ್‌ಗೆ ಹೋಗಿ ಸೋತಿತು. ಸಾಮಾನ್ಯವಾಗಿ ಸೋಲುವ ತಂಡಕ್ಕೆ ಜನ ಕಡಿಮೆ ಆಗಬೇಕು, ಇಲ್ಲಿ ಉಲ್ಟಾ ಆಯಿತು. 'ಈ ಸಲ ಕಪ್ ನಮ್ದೇ' ಅನ್ನೋ ಮಾತು ಅಭಿಮಾನಿಗಳ ಬಾಯಲ್ಲಿ ಬೆಳೆಯಿತು. ಬೇರೆಯವರು ಅದನ್ನೇ ಹಿಡಿದು ವರ್ಷವರ್ಷ ಗೇಲಿ ಮಾಡಿದರು. ತಂಡ ಮುಜುಗರ ಪಟ್ಟು ಆ ಮಾತನ್ನು ಮುಚ್ಚಿಡಲಿಲ್ಲ, ತನ್ನದೇ ಮಾಡಿಕೊಂಡಿತು. ಡ್ಯಾನಿಶ್ ಸೇಠ್ ಅವರ 'ಮಿಸ್ಟರ್ ನ್ಯಾಗ್ಸ್' ಪಾತ್ರ ಬಂದು ಸ್ವಂತ ಆಟಗಾರರನ್ನೇ ಕಾಲೆಳೆಯಿತು. ಸೋತಿದ್ದೇವೆ, ಹೌದು, ಅದಕ್ಕೇನೀಗ ಅನ್ನೋ ಧಾಟಿ. ನಮ್ಮಲ್ಲಿ ಗೆಳೆಯರು ಮಾತಾಡೋದೂ ಹೀಗೇ ಅಲ್ವಾ?

ನನ್ನ ಪ್ರಕಾರ ಇಲ್ಲಿನ ದೊಡ್ಡ ಪಾಠ ಭಾಷೆಯದ್ದು. 2024ರ ಮಾರ್ಚ್ 17ರಂದು ಆರ್‌ಸಿಬಿ ಮಹಿಳಾ ತಂಡ ಡಬ್ಲ್ಯೂಪಿಎಲ್ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂದಾನ ಮೈಕ್ ಮುಂದೆ ಕನ್ನಡದಲ್ಲಿ ಕಪ್ 'ನಮ್ದು' ಅಂದರು. 'ನಮ್ದೇ'ಯಿಂದ 'ನಮ್ದು'ವಿಗೆ ಬಂದ ಆ ಒಂದಕ್ಷರದ ಬದಲಾವಣೆಯ ಖುಷಿ ಕನ್ನಡ ಬಲ್ಲವರಿಗೇ ಗೊತ್ತು. ಸ್ಮೃತಿ ಬೆಳೆದದ್ದು ಸಾಂಗ್ಲಿಯಲ್ಲಿ, ಅಂದರೆ ನಮ್ಮ ಪಕ್ಕದ ಊರಿನ ಹುಡುಗಿ. ಗಡಿಯಾಚೆಯ ಮರಾಠಿ ಊರಿನಲ್ಲಿ ಬೆಳೆದವರು ಬೆಂಗಳೂರಿನ ತಂಡಕ್ಕಾಗಿ ಕನ್ನಡ ಆಡಿದ್ದು ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ದಿನ ಓಡಿತು. ಎರಡೂ ಭಾಷೆಯವರು 'ನಮ್ಮ ಪೋರಿ' ಅಂತ ಹಂಚಿಕೊಂಡರು.

ಅದಾಗಿ ಎರಡೇ ದಿನಕ್ಕೆ, ಮಾರ್ಚ್ 19ರ 'ಅನ್‌ಬಾಕ್ಸ್' ಕಾರ್ಯಕ್ರಮದಲ್ಲಿ, ತಂಡದ ಹೆಸರಿನಲ್ಲಿದ್ದ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂತು. ಅದಕ್ಕೂ ಮುಂಚೆ ರಿಷಬ್ ಶೆಟ್ಟಿ ಕೋಣಗಳ ಜೊತೆ ನಿಂತು 'ಅರ್ಥ ಆಯ್ತಾ?' ಅಂತ ಕೇಳಿದ ವಿಡಿಯೋ ನೆನಪಿದೆಯಾ? ಒಂದು ಕೋಣವನ್ನು ಆಚೆ ಕಳಿಸಿದ್ದರಲ್ಲೇ ಇಡೀ ಸುದ್ದಿ ಇತ್ತು. ಊರಿನ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ತಂಡಕ್ಕೆ ಒಂಬತ್ತು ವರ್ಷದ ಮೇಲೆ ಬೇಕಾಯಿತು. ಆದರೂ ಅಭಿಮಾನಿಗಳು ವರ್ಷಗಟ್ಟಲೆ ಕಮೆಂಟಿನಲ್ಲಿ ಕೇಳುತ್ತಿದ್ದದ್ದು ಕೊನೆಗೆ ಸಿಕ್ಕಿತಲ್ಲ. ಕೇಳಿಸಿಕೊಂಡರು ಅನ್ನೋ ನಂಬಿಕೆ ಹತ್ತು ಜಾಹೀರಾತಿಗಿಂತ ದೊಡ್ಡದು.

ಅದೇ ವರ್ಷದ ನವೆಂಬರ್‌ನಲ್ಲಿ ಹಿಂದಿಯಲ್ಲೂ ಒಂದು ಎಕ್ಸ್ ಖಾತೆ ಶುರು ಮಾಡಿದಾಗ ಕನ್ನಡ ಅಭಿಮಾನಿಗಳು ಸಿಟ್ಟಾದರು. ಗಡಿಯಲ್ಲಿ ಬೆಳೆದ ನನಗೆ ಈ ಜಗಳ ಸ್ವಲ್ಪ ಬೇರೆ ರೀತಿ ಕಾಣುತ್ತೆ. ನಮ್ಮಲ್ಲಿ ಒಂದೇ ವಾಕ್ಯದಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ ಬರುತ್ತೆ, ಇನ್ನೊಂದು ಭಾಷೆ ಬಂತು ಅಂತ ಯಾರೂ ಗಾಬರಿ ಬೀಳೋದಿಲ್ಲ. ಆದರೆ ಮನೆಯವರಿಗೆ ಮೊದಲು ಬಡಿಸಿ ಆಮೇಲೆ ಅತಿಥಿಗಳನ್ನು ಕರೆದಿದ್ದರೆ ಯಾರೂ ಏನೂ ಅಂತಿರಲಿಲ್ಲ. ಮುಖ್ಯ ಖಾತೆಯಲ್ಲಿ ಬಹುತೇಕ ಇಂಗ್ಲಿಷ್, ಕನ್ನಡಕ್ಕೆ ಪಕ್ಕದಲ್ಲಿ ಒಂದು ಪುಟ್ಟ ಕೋಣೆ, ಅದರ ಮೇಲೆ ಹಿಂದಿ ಅಂದಾಗ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಕಟ್ಟಿದ ಮೇಲೆ 2025ರ ಜೂನ್ 3 ಬಂತು. ಅಹಮದಾಬಾದ್‌ನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ ಗೆಲುವು. 18ನೇ ಸೀಸನ್, 18ನೇ ನಂಬರ್ ಜೆರ್ಸಿಯ ಕೊಹ್ಲಿ ಮೈದಾನದಲ್ಲೇ ಅತ್ತರು. ಆ ರಾತ್ರಿ ನಮ್ಮೂರಲ್ಲೂ ಪಟಾಕಿ. ನಮ್ಮ ಗ್ರೂಪಿನಲ್ಲಿ ಬೆಂಗಳೂರಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಬರೆದಿದ್ದ: "ನಾಳಿ ಮೆರವಣಿಗಿ ಐತಂತ, ರಜಾ ಹಾಕೂದೇ." ಅವನಿಗೆ ಹೇಳಿದ್ದು ಯಾರು? ಅವನ ಫೋನು.

ಮರುದಿನ ಏನಾಯಿತು ನಿಮಗೆ ಗೊತ್ತೇ ಇದೆ. ಚಿನ್ನಸ್ವಾಮಿಯ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು, 50ಕ್ಕೂ ಹೆಚ್ಚು ಜನರಿಗೆ ಗಾಯ. ಸ್ಟೇಡಿಯಂನಲ್ಲಿ ಹಿಡಿಸೋದು ಸುಮಾರು 35 ಸಾವಿರ, ಸೇರಿದ್ದು ಲಕ್ಷಗಟ್ಟಲೆ. ಪೊಲೀಸರು, ಸರ್ಕಾರ, ಕ್ರಿಕೆಟ್ ಸಂಸ್ಥೆ, ತಂಡ, ಯಾರ ತಪ್ಪು ಎಷ್ಟು ಅನ್ನೋದನ್ನು ತೀರ್ಮಾನಿಸೋದು ನನ್ನ ಕೆಲಸವಲ್ಲ, ಅದು ತನಿಖೆಗೆ, ನ್ಯಾಯಾಲಯಕ್ಕೆ ಬಿಟ್ಟದ್ದು. ಸಾಫ್ಟ್‌ವೇರ್ ಕೆಲಸದವನಾಗಿ ನನ್ನ ಕಣ್ಣಿಗೆ ಬಿದ್ದದ್ದು ಪೋಸ್ಟುಗಳ ಗಡಿಯಾರ.

ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿ ಅದು ನಿಮಿಷದ ಸಮೇತ ಇದೆ. ಬೆಳಿಗ್ಗೆ 7:01ಕ್ಕೆ ಮೆರವಣಿಗೆಯ ಸುದ್ದಿ, ಪ್ರವೇಶ ಉಚಿತ. 8 ಗಂಟೆಗೆ ಮತ್ತೊಂದು ಪೋಸ್ಟ್. 8:55ಕ್ಕೆ ಕೊಹ್ಲಿ ಅವರ ವಿಡಿಯೋ, ಬೆಂಗಳೂರಿನ ಜನರ ಜೊತೆ ಗೆಲುವು ಆಚರಿಸುತ್ತೇವೆ ಅಂತ. ಆ ನಡುವೆ ಮೆರವಣಿಗೆ ಇಲ್ಲ ಅಂತ ಪೊಲೀಸರ ಕಡೆಯಿಂದಲೂ ಸುದ್ದಿ ಬಂತು. ಮಧ್ಯಾಹ್ನ 3:14ಕ್ಕೆ ತಂಡದಿಂದ ಇನ್ನೊಂದು ಪೋಸ್ಟ್: ಸಂಜೆ 5 ಗಂಟೆಗೆ ವಿಧಾನಸೌಧದಿಂದ ಸ್ಟೇಡಿಯಂವರೆಗೆ ವಿಜಯ ಮೆರವಣಿಗೆ. ಒಳಗೆ ಬರಲು ವೆಬ್‌ಸೈಟಿನಲ್ಲಿ ಉಚಿತ ಪಾಸ್ ಬೇಕು, ಪಾಸು ಸೀಮಿತ ಅನ್ನೋ ಮಾತು ಮೊದಲ ಬಾರಿಗೆ ಬಂದದ್ದು ಈ ಪೋಸ್ಟಿನಲ್ಲಿ. ಎಲ್ಲ ಸೇರಿ 44 ಲಕ್ಷಕ್ಕೂ ಹೆಚ್ಚು ವೀಕ್ಷಣೆ ಅಂತ ಆ ವರದಿ ಹೇಳುತ್ತೆ.

ಈಗ ಯೋಚಿಸಿ. ಬೆಳಿಗ್ಗೆ ಏಳಕ್ಕೆ 'ಬನ್ನಿ' ಅಂತ ನೋಡಿದವನು ಹತ್ತಕ್ಕೆ ಮನೆ ಬಿಟ್ಟಿರುತ್ತಾನೆ. 3:14ಕ್ಕೆ 'ಪಾಸ್ ಬೇಕು' ಅಂತ ಬಂದಾಗ ಅವನು ಕಬ್ಬನ್ ಪಾರ್ಕ್ ಹತ್ತಿರ ಜನರ ಮಧ್ಯೆ ನಿಂತಿರುತ್ತಾನೆ. ಅಷ್ಟು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಏನಾಗುತ್ತೆ ಅಂತ ನಮ್ಮೂರ ಜಾತ್ರೆಗೆ ಹೋದವರಿಗೂ ಗೊತ್ತು. ತಿದ್ದುಪಡಿ ಅವನ ಫೋನಿಗೆ ಬರೋದೇ ಇಲ್ಲ.

ಬಂದರೂ ಕಾಣುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಇನ್‌ಸ್ಟಾಗ್ರಾಂ 2016ರಿಂದಲೇ ಪೋಸ್ಟುಗಳನ್ನು ಸಮಯದ ಕ್ರಮದಲ್ಲಿ ತೋರಿಸೋದು ಬಿಟ್ಟಿದೆ. ಯಾವುದಕ್ಕೆ ಜನ ಹೆಚ್ಚು ಲೈಕ್, ಶೇರ್, ಕಮೆಂಟ್ ಮಾಡುತ್ತಾರೋ ಅದು ಮೇಲೆ ಬರುತ್ತೆ. 'ಕಪ್ ಬಂತು, ಬನ್ನಿ' ಅನ್ನೋದಕ್ಕೆ ಎಲ್ಲರೂ ಹಾರ್ಟ್ ಒತ್ತುತ್ತಾರೆ. 'ದಯವಿಟ್ಟು ಬರಬೇಡಿ, ಜಾಗ ತುಂಬಿದೆ' ಅನ್ನೋದಕ್ಕೆ ಯಾರು ಹಾರ್ಟ್ ಒತ್ತುತ್ತಾರೆ? ಖುಷಿಯ ಸುದ್ದಿ ಎಕ್ಸ್‌ಪ್ರೆಸ್ ಗಾಡಿ, ತಿದ್ದುಪಡಿ ಪ್ಯಾಸೆಂಜರ್ ಗಾಡಿ. ಎಲ್ಲ ಸ್ಟೇಷನ್‌ನಲ್ಲೂ ನಿಂತು ಬರುತ್ತೆ.

ವಾಟ್ಸಾಪ್ ಕಥೆ ಇನ್ನೂ ಮಜಾ. ಫಾರ್ವರ್ಡ್ ಮಾಡೋದಕ್ಕೆ ಕಂಪನಿ ಮಿತಿ ಹಾಕಿದೆ, ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಆದರೆ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಅದು ಹೊಸ ಫೋಟೋ. ಮೂಲ ಪೋಸ್ಟನ್ನು ತಂಡ ಅಳಿಸಿದರೂ, ತಿದ್ದಿದರೂ ಸ್ಕ್ರೀನ್‌ಶಾಟ್ ತಿರುಗುತ್ತಲೇ ಇರುತ್ತೆ. ನಾವು ಆಫೀಸಲ್ಲಿ ಹೊಸ ಕೋಡ್ ಬಿಟ್ಟಾಗ ಏನಾದರೂ ಕೆಟ್ಟರೆ ಹಳೆಯದಕ್ಕೆ ವಾಪಸ್ ಹೋಗುವ ದಾರಿ ಮೊದಲೇ ಇಟ್ಟುಕೊಂಡಿರುತ್ತೇವೆ, ಅದಿಲ್ಲದೆ ಮ್ಯಾನೇಜರ್ ಒಪ್ಪಿಗೆಯನ್ನೇ ಕೊಡೋದಿಲ್ಲ. ಲಕ್ಷಾಂತರ ಜನರನ್ನು ಬೀದಿಗೆ ಕರೆಯುವ ಪೋಸ್ಟಿಗೆ ಅಂಥ ವಾಪಸ್ ದಾರಿ ಇಲ್ಲವೇ ಇಲ್ಲ.

ಅದಕ್ಕೇ ನನಗೆ ಅನ್ನಿಸೋದು, ತಂಡಗಳ ಪೋಸ್ಟುಗಳಲ್ಲಿ ಎರಡು ಜಾತಿ ಇವೆ. ನೋಡಿ ನಗೋದಕ್ಕೆ ಇರುವವು ಒಂದು: ನ್ಯಾಗ್ಸ್ ವಿಡಿಯೋ, ಡ್ರೆಸಿಂಗ್ ರೂಮಿನ ತುಣುಕು, ಹುಟ್ಟುಹಬ್ಬದ ಫೋಟೋ. ಅವನ್ನು ದಿನಕ್ಕೆ ಇಪ್ಪತ್ತು ಹಾಕಿ, ಯಾರಿಗೂ ನಷ್ಟವಿಲ್ಲ. ಇನ್ನೊಂದು, ಜನರ ಕಾಲು ಮನೆಯಿಂದ ಹೊರಗೆ ಬೀಳುವಂತೆ ಮಾಡುವವು. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜನರಿಗೆ ಜಾಗ, ಪಾಸ್ ಬೇಕಾ ಬೇಡವಾ, ಯಾವ ಗೇಟು, ಪೊಲೀಸರ ಒಪ್ಪಿಗೆ ಬಂದಿದೆಯಾ ಅನ್ನೋದು ಖಚಿತವಾಗದೆ ಈ ಎರಡನೇ ಜಾತಿಯ ಪೋಸ್ಟ್ ಹೋಗಲೇಬಾರದು. ಈ ಎಲ್ಲ ವಿವರ ಮೊದಲ ಪೋಸ್ಟಿನಲ್ಲೇ ಇರಬೇಕು, ನಾಲ್ಕನೆಯದರಲ್ಲಲ್ಲ. ಲೈಕ್ ಎಣಿಸುವ ಹುಡುಗನೇ ಇವೆರಡನ್ನೂ ಒಂದೇ ಬಟನ್ ಒತ್ತಿ ಕಳಿಸುವಂತಿದ್ದರೆ ಅದು ವ್ಯವಸ್ಥೆಯ ದೋಷ, ಆ ಹುಡುಗನದ್ದಲ್ಲ.

ಆಮೇಲಿನ ಮೌನದ ಬಗ್ಗೆಯೂ ಒಂದು ಮಾತು. ಜೂನ್ 5ರಂದು ಮೃತರ ಕುಟುಂಬಗಳಿಗೆ ತಲಾ 10 ಲಕ್ಷ ಘೋಷಿಸಿದ ನಂತರ ತಂಡದ ಖಾತೆಗಳು ಹತ್ತಿರಹತ್ತಿರ ಮೂರು ತಿಂಗಳು ಸುಮ್ಮನಿದ್ದವು. ಆಗಸ್ಟ್ 28ಕ್ಕೆ ಮತ್ತೆ ಬರೆದರು, ಆಗಸ್ಟ್ 30ಕ್ಕೆ ತಲಾ 25 ಲಕ್ಷದ ನೆರವು ಪ್ರಕಟಿಸಿದರು. ದುಃಖದಲ್ಲಿ ಮೌನ ತಪ್ಪಲ್ಲ. ಸಾವಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡೋದಿಲ್ಲ. ಆದರೆ ಸಾವಿನ ಮನೆಗೆ ಹೋಗದೇ ಇರೋದೂ ನಮ್ಮಲ್ಲಿ ಇಲ್ಲ. ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದ ಖಾತೆ, ಅಭಿಮಾನಿಗಳಿಗೆ ತೀರಾ ಬೇಕಾದಾಗ ಒಂದೂವರೆ ಸಾಲಾದರೂ ಆಗಾಗ ಬರೆಯಬೇಕಿತ್ತು ಅಂತ ನನ್ನ ಅಭಿಪ್ರಾಯ. ವಕೀಲರು ಬೇಡ ಅಂದಿರಬಹುದು. ಅಂದಿದ್ದರೆ ಅದೂ ಅರ್ಥವಾಗುವ ಮಾತೇ.

ಇದೆಲ್ಲ ದೊಡ್ಡವರ ವಿಷಯ, ನಮಗ್ಯಾಕೆ ಅಂತೀರಾ? ನಮಗೂ ಬೇಕು. ಈಗ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಯಾವ ಕಡೆ ಹೋದರೂ ಕಬಡ್ಡಿ ತಂಡಕ್ಕೊಂದು ಇನ್‌ಸ್ಟಾ ಪೇಜ್, ಟೆನ್ನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿಗೊಂದು ಯೂಟ್ಯೂಬ್ ಲೈವ್. ಕುಸ್ತಿ ಅಂದರಂತೂ ಕೇಳಬೇಡಿ. ಸಾಂಗ್ಲಿ, ಕೊಲ್ಹಾಪುರದ ಮೈದಾನಗಳ ಕುಸ್ತಿಯನ್ನು ಅಜ್ಜಂದಿರು ಈಗ ಮೊಮ್ಮಕ್ಕಳ ಫೋನಿನಲ್ಲಿ ನೋಡುತ್ತಾರೆ. ಮುಂಚೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕೂತು ಹೋಗುತ್ತಿದ್ದವರು ಅವರು.

ಕಬಡ್ಡಿಯಂತೂ ಫೋನಿಗಾಗಿಯೇ ಹುಟ್ಟಿದ ಆಟದ ಹಾಗಿದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಒಂದು ರೇಡಿಗೆ 30 ಸೆಕೆಂಡ್ ಅಂತ ಲೆಕ್ಕ ಇತ್ತು, ಅದು ಸರಿಯಾಗಿ ಒಂದು ರೀಲಿನ ಅಳತೆ! ನಮ್ಮ ಹಳ್ಳಿ ತಂಡಗಳು ಇದನ್ನು ಬಳಸೋದು ಕಡಿಮೆ. ಅವರು ಹಾಕೋದೇನು? ಒಂದು ಪೋಸ್ಟರ್. ಅದರಲ್ಲಿ ಮೇಲೆ ರಾಜಕೀಯದವರ ಹನ್ನೆರಡು ಫೋಟೋ, ನಡುವೆ ಬಹುಮಾನದ ಮೊತ್ತ, ಕೆಳಗೆ ಸಣ್ಣಕ್ಷರದಲ್ಲಿ 'ಇದೇ ಭಾನುವಾರ'. ಆಡುವ ಹುಡುಗರ ಹೆಸರು ಎಲ್ಲೂ ಇರೋದಿಲ್ಲ. ಬೋನಸ್ ಲೈನ್ ಮುಟ್ಟಿ ಬರುವ ನಿಮ್ಮ ತಂಡದ ರೇಡರ್‌ನ 30 ಸೆಕೆಂಡ್ ವಿಡಿಯೋ, ಜೊತೆಗೆ ಅವನ ಹೆಸರು, ಅವನು ಹಗಲು ಕಬ್ಬು ಕಡಿಯಲು ಹೋಗುತ್ತಾನೋ ಉಗಾರದ ಸಕ್ಕರೆ ಫ್ಯಾಕ್ಟರಿಗೆ ಹೋಗುತ್ತಾನೋ ಅನ್ನೋ ಎರಡು ಸಾಲು. ಅವನು ಒಪ್ಪಿದರೆ ಮಾತ್ರ, ಕೇಳಿಯೇ ಹಾಕಬೇಕು. ಇದನ್ನು ಪುಣೆಯಲ್ಲಿ, ಬೆಂಗಳೂರಲ್ಲಿ ಕೆಲಸಕ್ಕಿರುವ ನಮ್ಮೂರವರು ಖಂಡಿತ ನೋಡುತ್ತಾರೆ, ಮ್ಯಾಟಿಗೋ ಜೆರ್ಸಿಗೋ ದುಡ್ಡು ಕೊಡೋರೂ ಅವರೇ. ಟೆನ್ನಿಸ್ ಬಾಲ್ ಹುಡುಗರು ಕ್ರಿಕ್‌ಹೀರೋಸ್ ಆ್ಯಪಿನಲ್ಲಿ ಸ್ಕೋರ್ ಹಾಕುತ್ತಿರುವುದರಿಂದ ಈ ವಿಷಯದಲ್ಲಿ ಮುಂದಿದ್ದಾರೆ. ಹಳ್ಳಿಯ ಬೌಲರನಿಗೂ ಈಗ ಸರಾಸರಿ, ಎಕಾನಮಿ ಎಲ್ಲ ಇದೆ. ಅದನ್ನು ತೋರಿಸಿಯೇ ಹೆಣ್ಣು ಕೇಳಲು ಹೋದವನ ಕಥೆ ನಮ್ಮ ಕಡೆ ಚಾಲ್ತಿಯಲ್ಲಿದೆ, ನಿಜವೋ ಸುಳ್ಳೋ.

'ಇದೇ ಭಾನುವಾರ'ದ ವಿಷಯಕ್ಕೆ ವಾಪಸ್ ಬರೋಣ. ಅದು ಎಷ್ಟು ಅಪಾಯದ ಮಾತು ಅಂತ ಯಾರೂ ಯೋಚಿಸೋದಿಲ್ಲ. ಪೋಸ್ಟರ್ ಮುಂದಿನ ವಾರವೂ ಫಾರ್ವರ್ಡ್ ಆಗುತ್ತೆ, ಮುಂದಿನ ವರ್ಷವೂ ಆಗುತ್ತೆ. ಯಾವ ಭಾನುವಾರ? ತಾರೀಖು, ತಿಂಗಳು, ವರ್ಷ ಮೂರನ್ನೂ ದೊಡ್ಡದಾಗಿ ಫೋಟೋದ ಒಳಗೇ ಬರೆಯಿರಿ. ಫೋಟೋದ ಕೆಳಗಿನ ಸಾಲು ಸ್ಕ್ರೀನ್‌ಶಾಟಿನಲ್ಲಿ ಕತ್ತರಿಸಿ ಹೋಗುತ್ತೆ. 'ಅಪಾರ ಸಂಖ್ಯೆಯಲ್ಲಿ ಆಗಮಿಸಿ' ಅನ್ನೋದು ನಮ್ಮ ಆಮಂತ್ರಣಗಳ ಹಳೇ ಚಟ, ಅದನ್ನು ಬಿಟ್ಟು 'ಕೂರಲು ಇಷ್ಟು ಜನರಿಗೆ ಜಾಗ ಇದೆ, ಉಳಿದವರು ಯೂಟ್ಯೂಬಿನಲ್ಲಿ ನೋಡಿ' ಅಂತ ಹಾಕಿ. ಮರ್ಯಾದೆ ಹೋಗೋದಿಲ್ಲ.

ಉತ್ಪ್ರೇಕ್ಷೆ ಮಾಡ್ತಿಲ್ಲ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ಜೂನಿಯರ್ ರಾಷ್ಟ್ರೀಯ ಕಬಡ್ಡಿ ಪಂದ್ಯಾವಳಿಯ ಉದ್ಘಾಟನೆ ದಿನವೇ ಪ್ರೇಕ್ಷಕರ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ನಮ್ಮಲ್ಲಿ ಕಟ್ಟುವ ಗ್ಯಾಲರಿ ಯಾವುದರದ್ದು? ಬಿದಿರು, ಬಾಡಿಗೆ ಹಲಗೆ, ಹಗ್ಗ. ಅದು ಎಷ್ಟು ಜನರನ್ನು ತಡೆದೀತು ಅಂತ ಕಟ್ಟಿದವನನ್ನು ಕೇಳಿ, ಅವನು ಹೇಳಿದ ಸಂಖ್ಯೆ ಪೋಸ್ಟರ್ ಮಾಡುವವನ ಕೈಗೆ ಹೋಗಬೇಕು. ಬೆಂಗಳೂರಲ್ಲಿ ತಪ್ಪಿದ ಕೊಂಡಿ ಇದೇ: ಕರೆದವರಿಗೆ ಜಾಗದ ಲೆಕ್ಕ ಗೊತ್ತಿರಲಿಲ್ಲ, ಇಲ್ಲವೇ ಗೊತ್ತಿದ್ದೂ ಪೋಸ್ಟಿನಲ್ಲಿ ಬರಲಿಲ್ಲ.

ಭಾಷೆಯ ಮಾತು ಬಂದಾಗ ನಮ್ಮ ಗಡಿ ತಂಡಗಳಿಗೆ ಒಂದು ಅನುಕೂಲ ಇದೆ. ಒಂದೇ ಪೋಸ್ಟಿನಲ್ಲಿ ಮೇಲೆ ಕನ್ನಡ, ಕೆಳಗೆ ಮರಾಠಿ ಹಾಕಿದರೆ ಮಿರಜ್, ಜಯಸಿಂಗಪುರದ ತಂಡಗಳೂ ಬರುತ್ತವೆ. ಆದರೆ ಗೂಗಲ್ ಅನುವಾದವನ್ನು ಹಾಗೇ ಅಂಟಿಸಬೇಡಿ. ಊರಲ್ಲಿ ಎರಡೂ ಬರೆಯಬಲ್ಲ ಒಬ್ಬ ಮಾಸ್ತರರು ಇದ್ದೇ ಇರುತ್ತಾರೆ, ಒಂದು ಕಪ್ ಚಹಾಕ್ಕೆ ತಿದ್ದಿಕೊಡುತ್ತಾರೆ. ಭಾಷೆ ಹಿಡಿದು ಕಮೆಂಟಿನಲ್ಲಿ ಜಗಳ ಶುರು ಮಾಡುವವರು ಸಾಮಾನ್ಯವಾಗಿ ಊರಿನವರೇ ಆಗಿರೋದಿಲ್ಲ. ಅಂಥ ಕಮೆಂಟಿಗೆ ಉತ್ತರ ಕೊಡಬೇಡಿ, ತೆಗೆದುಹಾಕಿ. ಉತ್ತರ ಕೊಟ್ಟಷ್ಟೂ ಆ ಜಗಳವೇ ಮೇಲೆ ಬರುತ್ತೆ. ಕಾರಣ ಮೇಲೆಯೇ ಹೇಳಿದೆನಲ್ಲ.

ಹುಡುಗಿಯರ ತಂಡ ಇದ್ದರೆ ಇನ್ನೊಂದು ಎಚ್ಚರ. ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತೆ. ವಾಟ್ಸಾಪ್ ಚಾನೆಲ್‌ನಲ್ಲಿ ಫಾಲೋ ಮಾಡಿದವರ ನಂಬರ್ ಬೇರೆ ಫಾಲೋವರ್‌ಗಳಿಗೆ ಕಾಣೋದಿಲ್ಲ, ಮೆಸೇಜ್ ಹಾಕೋದೂ ಅಡ್ಮಿನ್ ಮಾತ್ರ. ಪಂದ್ಯದ ಸಮಯ, ಬದಲಾವಣೆ, ಮಳೆಯಿಂದ ಮುಂದೂಡಿಕೆ ಇಂಥದ್ದಕ್ಕೆಲ್ಲ ಅದೇ ಒಳ್ಳೆಯದು. ಸುದ್ದಿ ಅಲ್ಲಿ ಹಾಕಿದ ಕ್ರಮದಲ್ಲೇ ಕಾಣುತ್ತೆ, ಲೈಕ್ ನೋಡಿ ಮೇಲೆ ಕೆಳಗೆ ಆಗೋದಿಲ್ಲ. ರೀಲ್ಸ್ ಇನ್‌ಸ್ಟಾದಲ್ಲಿರಲಿ, 'ಬನ್ನಿ' ಮತ್ತು 'ಬರಬೇಡಿ' ಎರಡೂ ಚಾನೆಲ್‌ನಲ್ಲಿರಲಿ.

ಕೊನೆಗೆ ಪಾಸ್‌ವರ್ಡ್. 2023ರ ಜನವರಿಯಲ್ಲಿ ಆರ್‌ಸಿಬಿಯ ಟ್ವಿಟರ್ ಖಾತೆಯೇ ಹ್ಯಾಕ್ ಆಗಿ, ಹೆಸರು ಬದಲಾಗಿ, ಮಂಗನ ಚಿತ್ರ ಮಾರುವ ಡಿಜಿಟಲ್ ಕ್ಲಬ್ಬಿನ ವೇಷ ಹಾಕಿತ್ತು. ಅಷ್ಟು ದೊಡ್ಡ ತಂಡಕ್ಕೇ ಹೀಗಾದರೆ ನಮ್ಮದು? ಹಳ್ಳಿ ತಂಡಗಳ ಪೇಜ್ ಸಾಮಾನ್ಯವಾಗಿ ಒಬ್ಬ ಹುಡುಗನ ನಂಬರಿನಲ್ಲಿರುತ್ತೆ. ಅವನು ಪುಣೆಗೆ ಕೆಲಸಕ್ಕೆ ಹೋದ, ಸಿಮ್ ಬದಲಿಸಿದ, ಪೇಜ್ ಹೋಯಿತು. ಇಲ್ಲವೇ ತಂಡದವರ ಜೊತೆ ಜಗಳ ಆಯಿತು, ಪಂದ್ಯದ ಹಿಂದಿನ ರಾತ್ರಿ 'ಟೂರ್ನಮೆಂಟ್ ರದ್ದು' ಅಂತ ಹಾಕಿಬಿಟ್ಟ. ತಂಡದ ಹೆಸರಿನಲ್ಲೇ ಒಂದು ಇಮೇಲ್ ಮಾಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ, ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಇಬ್ಬರು ಹಿರಿಯರ ಕೈಗೆ ಕೊಡಿ. ಬೇಕಿದ್ದರೆ ಕಪ್‌ಗಳನ್ನಿಡುವ ಕಪಾಟಿನಲ್ಲೇ ಇಡಿ, ಬೀಗ ಹಾಕಿ.

ನಿಮ್ಮೂರ ತಂಡದ ಪೇಜ್ ಈಗ ಯಾರ ಫೋನಿನಲ್ಲಿದೆ? ಇವತ್ತು ಸಂಜೆ ಒಂದು ಸಲ ಕೇಳಿ ನೋಡ್ರಿ.